ದೀಪಕ್ಕಿಂತ ಲೆಕ್ಕದ ಪುಸ್ತಕ: ಫ್ಲಾರೆನ್ಸ್ ನೈಟಿಂಗೇಲ್



ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ದೀಪ ಹಿಡಿದ ಮಹಿಳೆಯ ಚಿತ್ರ. ತರಗತಿಯಲ್ಲಿ ನಾವೂ ಅದನ್ನೇ ಕಲಿಸುತ್ತೇವೆ. ಆದರೆ ನಿಮ್ಮಲ್ಲಿ ಯಾರಾದರೂ ನರ್ಸಿಂಗ್ ಕೋರ್ಸಿಗೆ ಸೇರುವುದಾದರೆ, ಆ ದೀಪಕ್ಕಿಂತ ಅವರ ಲೆಕ್ಕದ ಪುಸ್ತಕವನ್ನು ನೆನಪಿಡಿ.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಇಂಗ್ಲೆಂಡಿನ ಶ್ರೀಮಂತ ಕುಟುಂಬದಲ್ಲಿ ಜನಿಸಿದರು. ದಾದಿಯ ಕೆಲಸ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ಸಲ್ಲದು ಎನ್ನುತ್ತಿದ್ದ ಕಾಲವದು. (ಈ ಮಾತು ನಮ್ಮ ಮನೆಗಳಲ್ಲೂ ಪೂರ್ತಿ ನಿಂತಿಲ್ಲ.) ಮನೆಯವರ ವಿರೋಧದ ನಡುವೆಯೂ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು.

ಕ್ರಿಮಿಯಾ ಯುದ್ಧದ ಸಮಯದಲ್ಲಿ, 1854ರ ನವೆಂಬರಿನಲ್ಲಿ, 38 ದಾದಿಯರೊಂದಿಗೆ ಇಸ್ತಾಂಬುಲ್ ಬಳಿಯ ಸ್ಕುಟಾರಿಗೆ ಬಂದರು. ಅಲ್ಲಿನ ದೊಡ್ಡ ಸೈನಿಕ ವಸತಿಯನ್ನೇ ಆಸ್ಪತ್ರೆ ಮಾಡಲಾಗಿತ್ತು. ಅಡುಗೆ, ಬಟ್ಟೆ, ಹಾಸಿಗೆ ಎಲ್ಲವನ್ನೂ ಅವರು ಸರಿಪಡಿಸಿದರು. ಆದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 42 ಮಂದಿ ತೀರಿಕೊಂಡರು. ಮಾರ್ಚಿನಲ್ಲಿ ಬ್ರಿಟನ್ನಿನಿಂದ ನೈರ್ಮಲ್ಯ ಆಯೋಗವೊಂದು ಬಂದು ಕಟ್ಟಡದ ಅಡಿಯ ಚರಂಡಿಗಳನ್ನು ಶುಚಿಗೊಳಿಸಿತು, ಗೋಡೆಗೆ ಸುಣ್ಣ ಬಳಿಸಿತು, ಗಾಳಿಯಾಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಸೈನಿಕರು ಹಸಿದು, ಬಳಲಿ, ತಡವಾಗಿ ಬರುವುದರಿಂದಲೇ ಸಾಯುತ್ತಾರೆಂದು ನೈಟಿಂಗೇಲ್ ನಂಬಿದ್ದರು. ಊರಿಗೆ ಮರಳಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಅವರೊಂದಿಗೆ ಕುಳಿತು ಲೆಕ್ಕ ಹಾಕಿದಾಗ, ಕಿಕ್ಕಿರಿದ, ಹೊಲಸು ತುಂಬಿದ ಆ ಕಟ್ಟಡವೇ ಬಹುಮಂದಿಯನ್ನು ಕೊಂದಿತೆಂದು ತಿಳಿಯಿತು. ತಾವು ರಾತ್ರಿಹಗಲು ದುಡಿದ ಆಸ್ಪತ್ರೆಯ ಬಗ್ಗೆ ಇದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟವಿರಬೇಕು, ಯೋಚಿಸಿ! ಅವರು ಅಂಕಿಗಳನ್ನು ಮುಚ್ಚಿಡಲಿಲ್ಲ. 1858ರಲ್ಲಿ ಬಣ್ಣದ ನಕ್ಷೆಗಳನ್ನಾಗಿ ಮಾಡಿ ಅಧಿಕಾರಿಗಳ ಮುಂದಿಟ್ಟರು.

ಆ ಪಾಠವೇ 1859ರ ಅವರ ಶುಶ್ರೂಷೆಯ ಪುಸ್ತಕದಲ್ಲಿದೆ. ರೋಗಿಗೆ ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಿದರೆ ಹೌದೆಂಬ ಉತ್ತರ ಸಿಗುತ್ತದೆ, ವಿಷಯ ಸಿಗುವುದಿಲ್ಲ. ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಮಲಗಿದ್ದರೆಂದು ಕೇಳಬೇಕು. ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ಕಣ್ಣಾರೆ ನೋಡಬೇಕು. ದಾದಿ ತಾನಿದ್ದಾಗ ಮಾಡುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿರಬೇಕು. ಕೈಯನ್ನು ದಿನದಲ್ಲಿ ಹಲವು ಬಾರಿ ತೊಳೆಯಬೇಕೆಂದೂ ಬರೆದರು. ರೋಗ ಕೆಟ್ಟ ಗಾಳಿಯಿಂದ ಬರುತ್ತದೆಂಬ ಅವರ ಅಂದಿನ ತಿಳುವಳಿಕೆ ಈಗ ನಿಲ್ಲುವುದಿಲ್ಲ, ಆದರೆ ಈ ಸಲಹೆಗಳು ನಿಂತಿವೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ತೆರೆಯಿತು. ಭಾರತಕ್ಕೆ ಅವರು ಎಂದೂ ಬರಲಿಲ್ಲ; ಆದರೂ ಇಲ್ಲಿನ ಸೈನಿಕ ಠಾಣ್ಯಗಳ ನೀರು, ಚರಂಡಿಗಳ ವರದಿ ತರಿಸಿ ಓದಿ, ಸುಧಾರಣೆಗಾಗಿ ವರ್ಷಗಟ್ಟಲೆ ಬರೆದರು. ಕೊನೆಗಾಲದಲ್ಲಿ ದೃಷ್ಟಿ ಹೋಗಿತ್ತು. 1910ರ ಆಗಸ್ಟ್ 13ರಂದು ನಿಧನರಾದರು. ಹ್ಯಾಂಪ್‌ಶೈರ್‌ನ ಈಸ್ಟ್ ವೆಲ್ಲೋ ಗ್ರಾಮದಲ್ಲಿರುವ ಅವರ ಸಮಾಧಿಯ ಮೇಲೆ ಪೂರ್ತಿ ಹೆಸರೂ ಇಲ್ಲ. ಎರಡು ಅಕ್ಷರ, ಹುಟ್ಟಿದ ದಿನ, ತೀರಿಕೊಂಡ ದಿನ, ಅಷ್ಟೇ.