ಬಾಣಂತಿಯರ ನಂಜು ತಡೆದ ವೈದ್ಯ, ಕೊನೆಗೆ ನಂಜಿಗೇ ಬಲಿಯಾದ!

ಹೆರಿಗೆಯಲ್ಲಿ ಹರಿದ ಜಾಗಕ್ಕೆ ಹೊಲಿಗೆ ಹಾಕುವ ಮೊದಲು ಡಾಕ್ಟರು ಕೈ ತೊಳೆದು ಗ್ಲೌಸ್ ಹಾಕಿಕೊಳ್ಳೋದು ಇವತ್ತು ಮಾಮೂಲಿ. ಆದರೆ ಸುಮಾರು 180 ವರ್ಷಗಳ ಹಿಂದೆ ಯುರೋಪಿನ ದೊಡ್ಡಾಸ್ಪತ್ರೆಗಳಲ್ಲೂ ಹೀಗಿರಲಿಲ್ಲ. ಈ ಪದ್ಧತಿಗಾಗಿ ಹೋರಾಡಿದವರು ಡಾ. ಇಗ್ನಾಜ್ ಸೆಮ್ಮೆಲ್‌ವೈಸ್.

1818ರ ಜುಲೈ 1ರಂದು ಹಂಗೇರಿಯ ಬುಡಾ ಪಟ್ಟಣದಲ್ಲಿ ಹುಟ್ಟಿದರು. ಅಪ್ಪನದು ದಿನಸಿ ವ್ಯಾಪಾರ. ಮಗ ವಕೀಲಿಕೆ ಓದಲು ವಿಯೆನ್ನಾಕ್ಕೆ ಹೋಗಿ, ಅಲ್ಲಿ ಮನಸ್ಸು ಬದಲಿಸಿ ವೈದ್ಯರಾದರು. 1846ರಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗ ಸೇರಿದರು.

ಅಲ್ಲಿ ಎರಡು ವಾರ್ಡ್. ಒಂದರಲ್ಲಿ ಡಾಕ್ಟರು, ವೈದ್ಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಸೂಲಗಿತ್ತಿಯರು. ಆ ವರ್ಷ ಡಾಕ್ಟರ ವಾರ್ಡಿನಲ್ಲಿ ನೂರಕ್ಕೆ 11 ತಾಯಂದಿರು ಸತ್ತರೆ, ಸೂಲಗಿತ್ತಿಯರ ವಾರ್ಡಿನಲ್ಲಿ 3ಕ್ಕೂ ಕಡಿಮೆ. ಮೊದಲ ವಾರ್ಡ್ ಬೇಡವೇ ಬೇಡ ಅಂತ ಹೆಂಗಸರು ಕಾಲಿಗೆ ಬೀಳುತ್ತಿದ್ದರು.

1847ರಲ್ಲಿ ಅವರ ಗೆಳೆಯ, ವೈದ್ಯ ಕೊಲೆಚ್ಕಾ ಅವರಿಗೆ ಶವಪರೀಕ್ಷೆ ವೇಳೆ ವಿದ್ಯಾರ್ಥಿಯ ಚಾಕು ತಗುಲಿ ಗಾಯವಾಯಿತು. ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡದ್ದು ಬಾಣಂತಿ ಜ್ವರದಲ್ಲಿ ಕಾಣುವಂಥದ್ದೇ! ಸೆಮ್ಮೆಲ್‌ವೈಸ್‌ಗೆ ಥಟ್ಟನೆ ಹೊಳೆಯಿತು. ಶವ ಕೊಯ್ದ ಕೈಯಲ್ಲೇ ಡಾಕ್ಟರು ಹೆರಿಗೆ ಕೋಣೆಗೆ ಬರುತ್ತಿದ್ದರು. ಆ ಕೈಯ ವಿಷ ತಾಯಿಯ ಹಸಿ ಗಾಯಕ್ಕೆ ಸೇರುತ್ತಿತ್ತು.

ಮೇ ತಿಂಗಳಿಂದ ಹೊಸ ನಿಯಮ ಬಂತು. ಕ್ಲೋರಿನ್ ಬೆರೆತ ಸುಣ್ಣದ ನೀರಲ್ಲಿ ಕೈ ತೊಳೆಯದೆ ಯಾರೂ ಬಾಣಂತಿಯನ್ನು ಮುಟ್ಟುವಂತಿಲ್ಲ. ನಮ್ಮ ಊರಿನ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ ಜಾತಿಯದು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು.

ಆದರೆ ತಮ್ಮ ಕೈಯಿಂದಲೇ ಸಾವು ಬಂತು ಅನ್ನೋದನ್ನ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ರೋಗಾಣುಗಳ ವಿಚಾರ ಆಗಿನ್ನೂ ಗೊತ್ತಿರಲಿಲ್ಲ. ಅವರ ಕೆಲಸ ಮುಂದುವರಿಯಲಿಲ್ಲ. ಊರಿಗೆ ಮರಳಿ ಅಲ್ಲೂ ತಾಯಂದಿರನ್ನು ಉಳಿಸಿದರು. 1861ರಲ್ಲಿ ಪುಸ್ತಕ ಬರೆದರೂ ಹೆಚ್ಚು ಬೆಲೆ ಸಿಗಲಿಲ್ಲ. ಮನಸ್ಸು ಕೆಟ್ಟಿತು. 1865ರಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ ಎರಡೇ ವಾರದಲ್ಲಿ, ಗಾಯದ ನಂಜು ರಕ್ತಕ್ಕೇರಿ, 47ನೇ ವಯಸ್ಸಿಗೆ ತೀರಿಕೊಂಡರು. ಅವರು ಹೇಳಿದ್ದು ಸರಿ ಅಂತ ಜಗತ್ತು ಒಪ್ಪಿದ್ದು ಆಮೇಲೆ.

ಇಂದು ಹರಿತ ಮಲದ್ವಾರದ ಸ್ನಾಯುವರೆಗೆ ಹೋದರೆ ಹೊಲಿಗೆಯ ಜೊತೆ ನಂಜು ತಡೆಯುವ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಉಳಿದದ್ದು ಮನೆಯವರ ಕೈಯಲ್ಲಿದೆ. ಪ್ಯಾಡ್ ಬದಲಿಸುವ ಮೊದಲು, ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತಗೆ ಒರೆಸಿ, ಜಾಗ ಒಣಗಿರಬೇಕು. ಹೊಲಿಗೆಗೆ ಅರಿಶಿನ, ಎಣ್ಣೆ, ಬೂದಿ ಹಚ್ಚಬೇಡಿ. ಜ್ವರ, ಕೆಟ್ಟ ವಾಸನೆ, ಕೀವು, ಹೆಚ್ಚುತ್ತಿರುವ ನೋವು ಕಂಡರೆ ಅಥವಾ ಹೊಲಿಗೆ ಬಿಚ್ಚಿದರೆ ನಾಚಿಕೆ ಬಿಟ್ಟು ಆಶಾ ಕಾರ್ಯಕರ್ತೆಗೆ ತಿಳಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.