ದೂರವಾಣಿಯ ಗಣಿತಜ್ಞ ಏರ್ಲಾಂಗ್

ಮನೆಯಲ್ಲಿ ಒಬ್ಬರು ಆನ್‌ಲೈನ್ ಪಾಠ ಕೇಳುತ್ತಿರುವಾಗ ಇನ್ನೊಬ್ಬರು ರಾಶಿ ಫೋಟೋಗಳನ್ನು ಕಳುಹಿಸತೊಡಗಿದರೆ ಪಾಠದ ಮಾತು ತುಂಡು ತುಂಡಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಹಿರಿಯರಾದರೋ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು. ಎರಡು ತೊಂದರೆಗಳ ಮೂಲವೂ ಒಂದೇ: ದಾರಿ ಕಿರಿದು, ಸಂಚಾರ ಹೆಚ್ಚು. ಈ ದಟ್ಟಣೆಯನ್ನು ಊಹೆಯಿಂದಲ್ಲ, ಲೆಕ್ಕದಿಂದ ಅಳೆಯಬಹುದೆಂದು ತೋರಿಸಿಕೊಟ್ಟವರು ಡೆನ್ಮಾರ್ಕ್ ದೇಶದ ಗಣಿತಜ್ಞ ಆಗ್ನರ್ ಕ್ರಾರುಪ್ ಏರ್ಲಾಂಗ್.

ಏರ್ಲಾಂಗರು 1878ನೆಯ ಇಸವಿ ಜನವರಿ 1ರಂದು ಜಟ್ಲೆಂಡ್ ಪ್ರಾಂತ್ಯದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಆ ಊರಿನ ಶಾಲೆಯ ಉಪಾಧ್ಯಾಯರು. ಬಾಲಕನ ಮೊದಲ ಪಾಠಗಳು ತಂದೆಯ ಬಳಿಯೇ ನಡೆದವು. ಸಂಜೆ ಅಣ್ಣ ಫ್ರೆಡರಿಕ್ ಪುಸ್ತಕ ತೆರೆದು ಕುಳಿತರೆ, ಎದುರಿಗೆ ಕುಳಿತ ತಮ್ಮ ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ. ನಕ್ಷತ್ರಗಳೆಂದರೆ ಅವನಿಗೆ ಬಲು ಪ್ರೀತಿ. 14ನೆಯ ವಯಸ್ಸಿನಲ್ಲಿ, ವಯಸ್ಸು ಸಾಲದೆ ವಿಶೇಷ ಅನುಮತಿ ಪಡೆದು, ಕೋಪನ್‌ಹೇಗನ್ನಿನಲ್ಲಿ ಪರೀಕ್ಷೆಗೆ ಕುಳಿತು ಉತ್ತಮವಾಗಿ ತೇರ್ಗಡೆಯಾದನು. ಬಳಿಕ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲೇ ಸಹಾಯಕನಾಗಿ ಪಾಠ ಹೇಳಿದನು.

ಮುಂದಿನ ಓದಿಗೆ ಮನೆಯಲ್ಲಿ ಅನುಕೂಲವಿರಲಿಲ್ಲ. ದೂರದ ಬಂಧುವೊಬ್ಬರು ಊಟ, ವಸತಿಗಳನ್ನು ಉಚಿತವಾಗಿ ಒದಗಿಸಿದರು. 1896ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಗೆದ್ದು, ವಿದ್ಯಾರ್ಥಿವೇತನದ ಬಲದಿಂದ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯ ಸೇರಿದ ಏರ್ಲಾಂಗರು 1901ರಲ್ಲಿ ಗಣಿತದಲ್ಲಿ ಎಂ.ಎ. ಪದವಿ ಪಡೆದರು. ಅನಂತರ ಏಳು ವರ್ಷ ಶಾಲೆಗಳಲ್ಲಿ ಅಧ್ಯಾಪಕರಾಗಿದ್ದರು. ಆ ಕಾಲದಲ್ಲಿ ಗಣಿತ ಸಂಘದ ಸಭೆಗಳಲ್ಲಿ ಅವರಿಗೆ ಯೋಹಾನ್ ಯೆನ್ಸನ್ನರ ಪರಿಚಯವಾಯಿತು. ಸ್ವತಃ ಗಣಿತಜ್ಞರಾಗಿದ್ದ ಯೆನ್ಸನ್ನರು ಕೋಪನ್‌ಹೇಗನ್ ದೂರವಾಣಿ ಸಂಸ್ಥೆಯ ಮುಖ್ಯ ಇಂಜಿನಿಯರರು. ಅವರ ಮೂಲಕ 1908ರಲ್ಲಿ ಏರ್ಲಾಂಗರು ಆ ಸಂಸ್ಥೆಯನ್ನು ಸೇರಿದರು.

ಮೊದಮೊದಲು ಅವರಿಗೆ ಸಹಾಯಕರೇ ಇರಲಿಲ್ಲ. ಏಣಿ ಹೊತ್ತ ಕೆಲಸಗಾರನೊಬ್ಬನ ಜೊತೆ ನಗರದ ಬೀದಿಗಳಲ್ಲಿ ತಿರುಗಿ, ಕೇಬಲ್ ಗುಂಡಿಗಳೊಳಗೆ ತಾವೇ ಇಳಿದು ವಿದ್ಯುತ್ತಿನ ಸೋರಿಕೆಯನ್ನು ಅಳೆಯುತ್ತಿದ್ದರು.

ಆಗ ಸಂಸ್ಥೆಯ ಮುಂದಿದ್ದ ದೊಡ್ಡ ಪ್ರಶ್ನೆ ಇದು: ಎಷ್ಟು ಲೈನುಗಳನ್ನು ಹಾಕಬೇಕು? ಹೆಚ್ಚಾದರೆ ಹಣ ಪೋಲು. ಕಡಿಮೆಯಾದರೆ ಅವಸರಕ್ಕೆ ವೈದ್ಯರನ್ನು ಕರೆಯುವವನಿಗೂ ಲೈನು ಸಿಗದು. 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಏರ್ಲಾಂಗರು, ಯಾರು ಯಾವಾಗ ಕರೆಯುವರೆಂದು ಹೇಳಲಾಗದಿದ್ದರೂ ಒಟ್ಟು ಕರೆಗಳು ಸಂಭವನೀಯತೆಯ ನಿಯಮಕ್ಕೆ ಒಳಪಡುತ್ತವೆಂದು ತೋರಿಸಿದರು. 1917ರಲ್ಲಿ ಕರೆಗಳ ನಷ್ಟಕ್ಕೂ ಕಾಯುವ ಸಮಯಕ್ಕೂ ಸೂತ್ರಗಳನ್ನು ಕೊಟ್ಟರು.

ಒಂದು ಉದಾಹರಣೆ ನೋಡೋಣ. ಗಂಟೆಗೆ ಸರಾಸರಿ 60 ಕರೆಗಳು, ಒಂದೊಂದು ಸರಾಸರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 180 ನಿಮಿಷ, ಅಂದರೆ 3 ಗಂಟೆಯ ಮಾತು. ಹಾಗಾದರೆ 3 ಲೈನುಗಳು ಸಾಕೆಂದು ತೋರುತ್ತದೆ. ಆದರೆ ಜನರು ಸರದಿಯಂತೆ ಕರೆಯುವುದಿಲ್ಲವಲ್ಲ! ಸೂತ್ರದಂತೆ 3 ಲೈನುಗಳಿದ್ದರೆ ನೂರರಲ್ಲಿ ಸುಮಾರು 35 ಕರೆಗಳು ವ್ಯರ್ಥ. 6 ಲೈನುಗಳಿದ್ದರೆ ಸುಮಾರು 5. 8 ಇದ್ದರೆ ಒಂದಕ್ಕಿಂತಲೂ ಕಡಿಮೆ. ಬ್ರಿಟಿಷ್ ಅಂಚೆ ಇಲಾಖೆಯೂ ಈ ಸೂತ್ರವನ್ನು ಒಪ್ಪಿ ಬಳಸಿತು.

ಏರ್ಲಾಂಗರು ಅವಿವಾಹಿತರು, ಮಿತಭಾಷಿಗಳು. ಸಂಬಳದಲ್ಲಿ ಪುಸ್ತಕಗಳಿಗೂ ಬಡವರಿಗೂ ಪಾಲಿರುತ್ತಿತ್ತು. ಕಷ್ಟವೆಂದು ಕಚೇರಿಗೆ ಬಂದವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. ಸುಮಾರು 20 ವರ್ಷ ಅನಾರೋಗ್ಯದ ನೆಪದಲ್ಲಿ ಒಂದು ದಿನವೂ ರಜೆ ಪಡೆಯದಿದ್ದ ಅವರು, ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿ, 1929ರ ಫೆಬ್ರವರಿ 3ರಂದು 51ನೆಯ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ದೂರವಾಣಿ ದಟ್ಟಣೆಯ ಮಾನಕ್ಕೆ ಅಂತಾರಾಷ್ಟ್ರೀಯ ಸಮಿತಿಯು ಅವರ ಹೆಸರನ್ನೇ ಇಟ್ಟಿತು. ಒಂದು ಲೈನು ಸದಾ ಮಾತಿನಲ್ಲಿದ್ದರೆ ಅದು ಒಂದು ಏರ್ಲಾಂಗ್.

ಇಂದಿನ ಅಂತರ್ಜಾಲದಲ್ಲಿ ಮಾಹಿತಿಯು ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಅವು ಗುಂಪುಗುಂಪಾಗಿ ನುಗ್ಗುವುದರಿಂದ ಹಳೆಯ ಸೂತ್ರ ಹಾಗೆಯೇ ಹೊಂದದು. ಆದರೆ ಸಾಲಿನ ನೀತಿ ಬದಲಾಗಿಲ್ಲ. ಒಂದೇ ಲೈನಿನ ಸರಳ ಲೆಕ್ಕದಲ್ಲಿ, ದಟ್ಟಣೆ ನೂರಕ್ಕೆ 50ರಿಂದ 90ಕ್ಕೆ ಏರಿದರೆ ಕಾಯುವ ಸಮಯ ಎರಡರಷ್ಟಲ್ಲ, ಒಂಬತ್ತರಷ್ಟಾಗುತ್ತದೆ! ಆದುದರಿಂದಲೇ ತಿಳಿದವರು ಮೊದಲು ಲೈನಿನ ನಿಜವಾದ ವೇಗವನ್ನು ಅಳೆದು, ಮನೆಯ ರೂಟರಿನಲ್ಲಿ ಅದಕ್ಕಿಂತ ತುಸು ಕಡಿಮೆ ಮಿತಿಯನ್ನು ಇಡುತ್ತಾರೆ. ಆಗ ಸಾಲು ನಮ್ಮ ರೂಟರಿನಲ್ಲೇ ನಿಲ್ಲುತ್ತದೆ. ಪಾಠದ ಮಾತಿನ ಪೊಟ್ಟಣಗಳನ್ನು ಮುಂದೆ ಬಿಟ್ಟು ಫೋಟೋಗಳನ್ನು ಸ್ವಲ್ಪ ತಡೆಯಬಹುದು. ಮಿತಿ ಹೆಚ್ಚಾದರೆ ಪ್ರಯೋಜನವಿಲ್ಲ, ತೀರ ಕಡಿಮೆಯಾದರೆ ವೇಗ ನಷ್ಟ.

ವಿದ್ಯಾರ್ಥಿ ಮಿತ್ರರೇ, ಗಣಿತದಿಂದ ಏನು ಉಪಯೋಗವೆಂದು ಕೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಹಳ್ಳಿಯ ಉಪಾಧ್ಯಾಯರ ಮಗನೊಬ್ಬನು ಗುಂಡಿಗಿಳಿದು ಅಳೆದು, ಕಾಗದದ ಮೇಲೆ ಲೆಕ್ಕ ಹಾಕಿದ ಫಲವಾಗಿ ಎಷ್ಟೋ ಅಪರಿಚಿತರ ಕರೆಗಳು ತಲುಪಬೇಕಾದವರನ್ನು ತಲುಪಿದವು. ಅವರಿಗೆ ಇದೇ ಉತ್ತರ.