ಗಂಗಾಮೂಲದಿಂದ ಮುಕ್ತಿಯವರೆಗೆ: ಪಂಡಿತಾ ರಮಾಬಾಯಿ

ಕುದುರೆಮುಖದ ಕಡೆ ಟ್ರೆಕ್ಕಿಂಗ್ ಹೋದವರು ಗಂಗಾಮೂಲದ ಹೆಸರು ಕೇಳಿರ್ತೀರಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದೂ ಅದೇ ಕಾಡಿನಲ್ಲಿ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ, ಜನರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದರು. ಆಸ್ತಿ ಕರಗಿದ ಮೇಲೆ ಮನೆಮಂದಿಯೆಲ್ಲ ಪುರಾಣ ಹೇಳುತ್ತಾ ಊರೂರು ಅಲೆದರು. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ತೀರಿಕೊಂಡರು. ಉಳಿದ ಅಣ್ಣ ತಂಗಿ 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ವಿದ್ವಾಂಸರು ಈ ಹುಡುಗಿಯ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಆದರೆ ಅಷ್ಟು ವ್ರತ, ತೀರ್ಥಯಾತ್ರೆ ಮಾಡಿಯೂ ಹಸಿವಿನಿಂದ ಸತ್ತ ಅಪ್ಪ ಅಮ್ಮನನ್ನು ಕಂಡವರಿಗೆ ಹಳೆಯ ನಂಬಿಕೆ ಉಳಿದಿರಲಿಲ್ಲ. ಜಾತಿ ಮೀರಿ ಬಂಗಾಳದ ವಕೀಲರೊಬ್ಬರನ್ನು ಮದುವೆಯಾದರು. ಎರಡು ವರ್ಷ ತುಂಬೋ ಮೊದಲೇ ಗಂಡ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

1883ರಲ್ಲಿ ಓದಲು ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಆಶ್ರಯಮನೆ ನೋಡಿದರು. ಸಮಾಜ ಕೆಟ್ಟವರು ಅಂತ ತಳ್ಳಿಬಿಟ್ಟ ಹೆಂಗಸರನ್ನು ಅಲ್ಲಿ ಮನೆಯವರ ಹಾಗೆ ನೋಡಿಕೊಳ್ಳುತ್ತಿದ್ದರು. ಇದು ಯಾಕೆ ಸಾಧ್ಯ ಆಯ್ತು ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರ, ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತಾಡಿದ ಕತೆ. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಹಾಗಂತ ಪ್ರಶ್ನೆ ಕೇಳೋದು ನಿಲ್ಲಿಸಲಿಲ್ಲ. ತ್ರಯೇಕತ್ವದ ಬಗ್ಗೆ ಗುರುಗಳ ಜೊತೆಯೇ ವಾದಕ್ಕೆ ನಿಂತರು.

1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ಆ ಕೆಲಸದ ನಡುವೆಯೇ, 1891ರ ಸುಮಾರಿಗೆ, ತಮಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಅನ್ನಿಸಿತು. ಬುದ್ಧಿ ಒಪ್ಪಿದ್ದನ್ನು ಎಂಟು ವರ್ಷದ ಮೇಲೆ ಮನಸ್ಸೂ ಒಪ್ಪಿಕೊಂಡಿತು. ಅದಕ್ಕೆ ಬೆಲೆಯನ್ನೂ ತೆತ್ತರು. ಅವರ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರತೊಡಗಿದ್ದೇ ಗಲಾಟೆಯಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಬೆಂಬಲಿಗರೇ ಸದನದಿಂದ ದೂರ ಸರಿದರು. ಎಷ್ಟೋ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು.

1896ರಲ್ಲಿ ಮತ್ತೆ ಬರ. ಹಸಿವು ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಧ್ಯಪ್ರಾಂತ್ಯಕ್ಕೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಬೆಳೆದದ್ದು ಹೀಗೆ. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ನೇಯ್ಗೆ, ಎಣ್ಣೆ ಗಾಣ, ಹೈನುಗಾರಿಕೆ, ಪ್ರಿಂಟಿಂಗ್ ಪ್ರೆಸ್ ಎಲ್ಲದರಲ್ಲೂ ಹೆಂಗಸರೇ. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು. ಅದಕ್ಕೆ ಒಂದೊಂದೇ ಮೊಳೆ ಜೋಡಿಸಿದವರೂ ಆ ಹೆಂಗಸರೇ. ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು. ಅದನ್ನು ನೋಡಿಕೊಂಡವರು ಮನೋರಮಾ.

1921ರಲ್ಲಿ ಮಗಳು ಹೋದರು, 1922ರ ಏಪ್ರಿಲ್ 5ರಂದು ತಾಯಿ. ಹಾಸ್ಟೆಲ್‌ನಲ್ಲಿ ದೇವರು ಇದ್ದಾನಾ ಇಲ್ವಾ ಅಂತ ರಾತ್ರಿಯಿಡೀ ವಾದ ಮಾಡ್ತೀವಲ್ಲ, ರಮಾಬಾಯಿ ಅಂಥ ವಾದದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಅವರ ನಂಬಿಕೆ ಶುರುವಾದದ್ದು ಬೇರೆಯವರನ್ನು ನೋಡಿಕೊಳ್ಳುತ್ತಿದ್ದ ಕೈಗಳನ್ನು ಕಂಡು. ಕಲಬುರಗಿಯಿಂದ ಪುಣೆಗೆ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಸ್ಟೇಷನ್ ಸಿಗುತ್ತೆ. ಮುಕ್ತಿ ಇವತ್ತಿಗೂ ಅಲ್ಲಿ ಕೆಲಸ ಮಾಡ್ತಾ ಇದೆ.